ಬೀಗರನ್ನು ಮನೆ ಮುಟ್ಟಿಸಿದ ರಂಗಕ್ಕ

ತುರುವೇಕೆರೆ ಸುತ್ತಮುತ್ತ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಎಲ್ಲರಿಗಿಂತ ಮೊದಲು ಬರುವವರು ರಂಗಕ್ಕ, ಎಲ್ಲರಿಗಿಂತ ಕೊನೆಗೆ ಹೋಗುವವರೂ ರಂಗಕ್ಕ. ಅವರದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಗಂಡ ಗಂಗಾಧರ್ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾರೆ, ಮಾತು ಬಹಳ ಕಡಿಮೆ. ಇಬ್ಬರ ಪಾಲಿನ ಮಾತನ್ನೂ ರಂಗಕ್ಕನೇ ಆಡುತ್ತಾರೆ! ಶಾಮಿಯಾನದ ಈ ತುದಿಯಲ್ಲಿ ನಿಂತು "ಲೋ, ಆ ಹಗ್ಗ ಬಿಗಿಯಾಗಿ ಎಳೀರ್ಲಾ" ಅಂದರೆ ಆ ತುದಿಯವರಿಗೆ ಮಾತ್ರವಲ್ಲ, ಪಕ್ಕದ ತೋಟದಲ್ಲಿ ತೆಂಗಿನಕಾಯಿ ಕೀಳುತ್ತಿರುವವನಿಗೂ ಕೇಳಿಸುತ್ತದೆ.

ಅವರ ಮಗಳು ಶಿಲ್ಪ ತಿಪಟೂರಿನ ಕಾಲೇಜಿನಲ್ಲಿ ನನ್ನ ಸೀನಿಯರ್. ಮೊದಲ ಸಲ ಅವರ ಮನೆಗೆ ಹೋದಾಗ ನಾನು "ನಮಸ್ತೆ ಆಂಟಿ" ಅಂದೆ.

"ಆಂಟಿ ಅಂದ್ರೆ ಹಿಂದೆ ಯಾರೋ ನಿಂತವ್ರೇನೋ ಅನ್ಸತ್ತೆ ಕಣೇ. ಊರೆಲ್ಲ ರಂಗಕ್ಕ ಅಂತದೆ, ನೀನೂ ಅನ್ನು. ಇಲ್ದಿದ್ರೆ ಊಟಕ್ಕೆ ಇಕ್ಕಲ್ಲ" ಅಂದರು. ಅಂದಿನಿಂದ ನನಗೂ ರಂಗಕ್ಕನೇ.

ಈಗ ಬೀಗರೂಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಡೀ ಕಥೆ ಅಲ್ಲೇ ಇದೆ. ಮದುವೆಯ ದಿನ ಛತ್ರದಲ್ಲಿ ಒಬ್ಬಟ್ಟಿನ ಊಟ. ಆಮೇಲೆ ಬೇರೆ ಒಂದು ದಿನ ಹೊಸ ಬೀಗರಿಗೆಂದೇ ಬಾಡೂಟ. ಮನೆಯ ಮುಂದೆ ಶಾಮಿಯಾನದಡಿ ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಮನೆಯ ಹಿಂದೆ ತೆಂಗಿನ ತೋಟದಲ್ಲಿ ಒಂದು ಟೇಬಲ್, ಅದರ ಮೇಲೆ ಬಾಟಲಿಗಳು. ಗಂಡಸರು ಗುಂಪು ಗುಂಪಾಗಿ "ಹಂಗೇ ತೋಟ ನೋಡ್ಕಂಡ್ ಬತ್ತೀವಿ" ಎಂದು ಹೋಗುತ್ತಾರೆ. ತೋಟ ನೋಡಿ ಬಂದವರ ಕಣ್ಣು ಕೆಂಪಾಗಿರುತ್ತದೆ, ಧ್ವನಿ ದೊಡ್ಡದಾಗಿರುತ್ತದೆ! ಉಣ್ಣುತ್ತಾರೆ, ಎಲೆ ಅಡಿಕೆ ಹಾಕುತ್ತಾರೆ, ಬೈಕ್ ಹತ್ತುತ್ತಾರೆ. ಮನೆಯವರು ನೆಂಟರು ಬರುವುದನ್ನು ಕಣ್ತುಂಬ ನೋಡುತ್ತಾರೆ. ನೆಂಟರು ಹೋಗುವ ಹೊತ್ತಿಗೆ ಮನೆಯವರು ಒಳಗೆ ಯಾರಿಗೋ ಮಡಿಲು ತುಂಬುತ್ತಲೋ, ಉಳಿದ ಸಾರನ್ನು ಹಂಚುತ್ತಲೋ ಇರುತ್ತಾರೆ. ಅವರು ಹೋಗುವುದನ್ನು ನೋಡುವವರು ಪಾತ್ರೆ ಎಣಿಸಲು ಕಾದು ನಿಂತ ರಂಗಕ್ಕ ಒಬ್ಬರೇ.

ಹೋದ ವರ್ಷ ಕಂದಿಕೆರೆಯ ಒಂದು ಬೀಗರೂಟಕ್ಕೆ ರಂಗಕ್ಕನ ಶಾಮಿಯಾನ ಹೋಗಿತ್ತು. ಆ ಮನೆಯ ಯಜಮಾನರ ಕಿರಿ ಮಗ ದಿನವಿಡೀ ಓಡಾಡಿ ಬಡಿಸಿದ ಹುಡುಗ. ಎಲ್ಲ ಮುಗಿದ ಮೇಲೆ ತೋಟಕ್ಕೆ ಹೋಗಿ ಬಂದ. "ರಂಗಕ್ಕೋ, ಮಾವನ್ನ ಬಸ್ ಸ್ಟ್ಯಾಂಡಿಗೆ ಬುಟ್ಟು ಈಗ ಬಂದೆ, ಬಂದು ಕುರ್ಚಿ ಎತ್ತುಕೊಡ್ತೀನಿ" ಅಂದ. ಮಾವನನ್ನು ಬಸ್ ಹತ್ತಿಸಿ ವಾಪಸ್ ಬರುವಾಗ, ಕೆರೆ ಏರಿಯ ತಿರುವಿನಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ಹೊಡೆದ. ಅಲ್ಲಿಗೆ ಮುಗಿಯಿತು. ರಂಗಕ್ಕ ಆಗ ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರಂತೆ. ಮನೆಯವರು ಬಂದು, ಬಿಚ್ಚಬೇಡಿ, ಇರಲಿ ಅಂದರು. ನೆಂಟರು ಉಂಡು ನಕ್ಕ ಅದೇ ಬಣ್ಣದ ಬಟ್ಟೆಯ ಕೆಳಗೆ ಹುಡುಗನನ್ನು ಮಲಗಿಸಿದರು.

ಆ ಶಾಮಿಯಾನವನ್ನು ರಂಗಕ್ಕ ಮತ್ತೆ ಯಾರ ಮನೆಗೂ ಕಟ್ಟಲಿಲ್ಲ. ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋದರು!

ಅಲ್ಲಿದ್ದವರು ಸಬ್ ಇನ್ಸ್‌ಪೆಕ್ಟರ್ ನಿರ್ಮಲಾ ಮೇಡಂ. ಸೌಮ್ಯವಾಗಿ ಮಾತಾಡುತ್ತಾರೆ, ಆದರೆ ಕೆಲಸದಲ್ಲಿ ಖಡಕ್. "ಕುಡಿದು ಓಡಿಸೋರನ್ನ ಹೈವೇಯಲ್ಲಿ ನಿಂತು ಹಿಡೀತಾನೇ ಇದ್ದೀವಿ ರಂಗಕ್ಕ. ಆದರೆ ಹಳ್ಳಿ ರಸ್ತೆಯಲ್ಲಿ ಯಾರ ಮನೆಯಲ್ಲಿ ಯಾವತ್ತು ಊಟ ಅಂತ ನಮಗೆ ಹೇಗೆ ಗೊತ್ತಾಗಬೇಕು?" ಅಂದರು.

"ನಂಗೊತ್ತಲ್ಲ ಮೇಡಂ! ಶಾಮಿಯಾನ ಇಲ್ದೆ ಊಟ ಹಾಕ್ತಾರಾ?" ಅಂದರು ರಂಗಕ್ಕ.

ಎಂಥ ಐಡಿಯಾ ಅಲ್ಲವೇ! ಆದರೆ ಮೊದಲ ಪ್ರಯತ್ನ ಪೂರ್ತಿ ಫ್ಲಾಪ್. ತುರುವೇಕೆರೆಯ ಒಬ್ಬರ ಬೀಗರೂಟಕ್ಕೆ ರಂಗಕ್ಕನೇ ಒತ್ತಾಯ ಮಾಡಿ ಪೊಲೀಸರನ್ನು ಕರೆಸಿದರು. ಪೊಲೀಸರು ಗೇಟಿನ ಬಳಿ ಉಸಿರು ಊದಿಸುವ ಮಷೀನ್ ಹಿಡಿದು ನಿಂತರು. ಊಟಕ್ಕೆ ಕೂತಿದ್ದ ಬೀಗರು ಜೀಪ್ ನೋಡಿದ್ದೇ ತಡ, ಅರ್ಧ ಮುದ್ದೆ ಎಲೆಯಲ್ಲೇ ಬಿಟ್ಟು ಎದ್ದರು. "ಹೆಣ್ ಕೊಟ್ಟೋರ ಮನೇಲಿ ಕಳ್ಳರ ಥರ ಊದುಸ್ತೀರೇನ್ರೀ?" ಎಂದು ಕೂಗಾಡಿ ತೋಟದ ಹಿಂದಿನ ಬೇಲಿ ಹಾರಿ ಹೋದರು. ಎರಡು ಮನೆಗಳ ನಡುವೆ ಮಾತು ನಿಂತಿತು. ರಂಗಕ್ಕನಿಗೆ ಬರುತ್ತಿದ್ದ ಆರ್ಡರ್‌ಗಳೂ ನಿಂತವು. "ರಂಗಕ್ಕನ ಶಾಮಿಯಾನ ಹಾಕ್ಸುದ್ರೆ ಪೊಲೀಸ್ ಫ್ರೀ ಕಣ್ಲಾ" ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದರು.

ಅದರ ಬೆನ್ನಿಗೇ ಶಿಲ್ಪಳ ಮದುವೆ ಬಂತು. ಹುಡುಗ ಹಂದನಕೆರೆಯ ಸಿದ್ದಾರ್ಥ್, ತುಂಬಾ ಒಳ್ಳೆಯವನು. ಆ ಮನೆಯ ಯಜಮಾನರು ಮಾತ್ರ ಅವನ ದೊಡ್ಡಪ್ಪ ಕೆಂಚಯ್ಯನವರು. ಹುರಿ ಮೀಸೆ, ಹಳೆಯ ಬುಲೆಟ್, ಮೂಗಿನ ತುದಿಯಲ್ಲೇ ಕೋಪ. ಟೀ ಅಂಗಡಿಯ ನಗು ಹಂದನಕೆರೆಯವರೆಗೂ ಹೋಗಿತ್ತು. ಮದುವೆ ಆದ ಮೇಲಿನ ಭಾನುವಾರ ದಬ್ಬೇಘಟ್ಟದ ಹತ್ತಿರದ ರಂಗಕ್ಕನ ತೋಟದ ಮನೆಯಲ್ಲಿ ಬೀಗರೂಟ ಅಂತ ನಿಶ್ಚಯವಾದ ಕೂಡಲೇ ಕೆಂಚಯ್ಯ ಫೋನ್ ಮಾಡಿದರು.

"ನೋಡಮ್ಮ, ಬಾಗಿಲಲ್ಲಿ ಪೊಲೀಸ್ ಕಂಡ್ರೆ ನಿಮ್ಮನೇಲಿ ಕೈ ತೊಳೆಯಕಿಲ್ಲ. ಬಂದವ್ರು ಹಂಗೇ ವಾಪಸ್ ಹೋಯ್ತೀವಿ. ಆಮೇಲೆ ನಿನ್ ಮಗಳು ಇಲ್ಲಿ ತಲೆ ಎತ್ಕಂಡು ಓಡಾಡೋದು ನಿಂಗೇ ಬುಟ್ಟಿದ್ದು."

ಫೋನ್ ಇಟ್ಟ ರಂಗಕ್ಕನ ಮುಖ ನೋಡಬೇಕಿತ್ತು. ಒಂದು ಕಡೆ ಮಗಳ ಹೊಸ ಮನೆಯ ಮರ್ಯಾದೆ. ಇನ್ನೊಂದು ಕಡೆ ಅದೇ ಮನೆಯ ಗಂಡಸರ ಜೀವ. ದಬ್ಬೇಘಟ್ಟದಿಂದ ಹಂದನಕೆರೆಗೆ ಬೈಕಿನಲ್ಲಿ ಹೋಗಬೇಕೆಂದರೆ ತಿಪಟೂರು ಹಾಯ್ದು, ಲಾರಿಗಳು ಹಾರಿಹೋಗುವ ಬಿ.ಎಚ್. ರೋಡ್ ಹೈವೇ ದಾಟಿ ಹೋಗಬೇಕು!

"ಇದೊಂದ್ ದಿನ ಕಣ್ಮುಚ್ಕಂಡ್ ಬುಡು ರಂಗಾ" ಅಂದರು ಗಂಗಾಧರ್. ಅಪರೂಪಕ್ಕೆ ಬಾಯಿ ಬಿಟ್ಟಿದ್ದರು. "ಮಗಳ ವಿಷ್ಯ."

"ಮಗಳ ವಿಷ್ಯ ಅಂತಾನೇ ಕಣ್ರೀ ಬುಡಕಾಗ್ದಿರೋದು. ನಾಳೆ ಅವಳ ಮನೆ ಮುಂದೆ ನಾನು ಸಾವಿನ ಬಿಳೀ ಬಟ್ಟೆ ಕಟ್ಟೋಕೆ ಹೋಗ್ಬೇಕಾ?"

ಆ ಸಂಜೆ ಜಗುಲಿಯಲ್ಲಿ ಕೂತು ನಾವೆಲ್ಲ ಹೂ ಕಟ್ಟುತ್ತಿದ್ದೆವು. ಗಂಗಾಧರ್ ಅವರ ತಾಯಿ ಚಿಕ್ಕಗೌರಮ್ಮಜ್ಜಿ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ತಮ್ಮ ಮದುವೆಯ ಕಾಲದ ಕಥೆ ಹೇಳತೊಡಗಿದರು. ಆ ಕಾಲಕ್ಕೆ ಬೀಗರೂಟ ಮುಗಿಸಿ ಬೀಗರು ತಾವಾಗಿಯೇ ಎದ್ದು ಹೋಗುತ್ತಿರಲಿಲ್ಲವಂತೆ.

"ಉಣ್ಣಾಕಿಕ್ಕಿದ ಮನೆಯೋರೇ ಎತ್ತು ಕಟ್ಟಿ, ಗಾಡಿಗೆ ಹಾಸು ಹಾಕಿ, ಬೀಗ್ರನ್ನ ಅವರ ಹಟ್ಟಿ ಬಾಗ್ಲಿಗೆ ಇಳ್ಸಿ ಬರ್ಬೇಕಾಗಿತ್ತು. ಇಳುಸ್ನಿಲ್ಲ ಅಂದ್ರೆ ಅವಮಾನ. ನಮ್ಮಪ್ಪಂಗೆ ಗಾಡಿ ಸಿಗ್ದೆ ಒಂದ್ ಸಲ ಬೀಗ್ರು ನಡ್ಕಂಡೋದ್ರು. ಸಾಯೋಗಂಟ ಆಡ್ಕಂಡ್ರು ಕಣವ್ವ. ಈಗೆಲ್ಲ ಗಾಡಿ ತಾವೇ ತತ್ತಾರೆ, ತಾವೇ ಹೋಯ್ತಾರೆ. ಬೀದೀಲಿ ಹೋಗೋರ್ಗೆ ಇಕ್ಕಿ ಕಳ್ಸಿದಂಗೆ."

ರಂಗಕ್ಕ ಹೂವಿನ ದಾರ ಕೆಳಗಿಟ್ಟರು. ಎದ್ದು ಹೋಗಿ ಅಜ್ಜಿಯ ಎರಡೂ ಕೆನ್ನೆ ಹಿಡಿದರು. "ಅತ್ತೆ! ಇಷ್ಟ್ ದಿನ ಯಾಕ್ ಹೇಳ್ಲಿಲ್ಲ ನೀನು?"

"ನೀನ್ ಯಾವತ್ತು ನಂಗೆ ಮಾತಾಡಕ್ ಬುಟ್ಟಿದ್ದೀಯ?" ಅಂದರು ಅಜ್ಜಿ.

ಮಾರನೆಯ ದಿನದಿಂದ ರಂಗಕ್ಕನ ಓಡಾಟ ನೋಡಬೇಕಿತ್ತು! ಶಿಲ್ಪ ಮತ್ತು ನಾನು ಸ್ಕೂಟಿಯಲ್ಲಿ ಹಿಂದೆ ಹಿಂದೆ. ಮೊದಲು ತುರುವೇಕೆರೆಯ ಬಾರ್ ಮಾಲೀಕ ಮಾಯಣ್ಣನ ಹತ್ತಿರ. ಸುತ್ತಲಿನ ಎಲ್ಲ ಊಟಕ್ಕೂ ಬಾಟಲಿ ಹೋಗುವುದು ಅವರ ಅಂಗಡಿಯಿಂದಲೇ.

"ನಾನು ಮಾರೋನು ಕಣಕ್ಕ, ಕಾಯೋನಲ್ಲ" ಅಂದರು ಮಾಯಣ್ಣ.

"ಮಾರಪ್ಪ, ಬ್ಯಾಡ ಅಂದೋರ್ಯಾರು? ಕುಡ್ದೋನು ಬದುಕಿದ್ರೆ ತಾನೆ ನಾಳೆ ಮತ್ತೆ ನಿನ್ನತ್ರ ಬರೋದು?"

ಮಾಯಣ್ಣ ತಲೆ ಕೆರೆದುಕೊಂಡರು. ಈ ಲೆಕ್ಕ ಅವರಿಗೆ ಹೊಳೆದಿರಲಿಲ್ಲ.

ಆಮೇಲೆ ಒಂದು ಖಾಸಗಿ ಶಾಲೆಗೆ ವ್ಯಾನ್ ಓಡಿಸುವ ತಿಮ್ಮರಾಜು. ಅವರ ಹಳದಿ ವ್ಯಾನ್‌ಗಳು ಭಾನುವಾರ ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತವೆ. ತಿಮ್ಮರಾಜುಗೆ ಒಂದೇ ಚಿಂತೆ. "ನಿಮ್ಮ ಬೀಗ್ರು ಸೀಟ್ ಮೇಲೆ ವಾಂತಿ ಮಾಡುದ್ರೆ ಸೋಮವಾರ ಎಲ್‌ಕೆಜಿ ಮಕ್ಳು ಎಲ್ಲಿ ಕೂತ್ಕತವೆ ರಂಗಕ್ಕ?"

"ಸೀಟಿಗೆಲ್ಲ ನನ್ನ ಪ್ಲಾಸ್ಟಿಕ್ ಶೀಟ್ ಹಾಸ್ತೀನಿ. ಒಬ್ಬೊಬ್ರ ಕೈಗೂ ಒಂದೊಂದು ಬಕೆಟ್ ಕೊಡ್ತೀನಿ. ನಂಗೇನ್ ಬಕೆಟ್ಟಿಗೆ ಬರವಾ?"

ಕೊನೆಗೆ ಸ್ಟೇಷನ್. ಶಾಲೆಯ ವ್ಯಾನಿನಲ್ಲಿ ಬೇರೆಯವರನ್ನು ಕೂರಿಸಲು ಬೇಕಾದ ಅನುಮತಿಯನ್ನು ನಿರ್ಮಲಾ ಮೇಡಂ ತಾವೇ ಓಡಾಡಿ ಕೊಡಿಸಿದರು. "ಆದರೆ ಊಟದ ದಿನ ನಾವು ಬರಬಾರದಲ್ಲ ರಂಗಕ್ಕ? ನಮ್ಮ ಜೀಪ್ ಕಂಡರೆ ಎದ್ದು ಹೋಗ್ತಾರೆ ಅಂದರಲ್ಲ" ಎಂದು ಕೇಳಿದರು.

"ಬರ್ಬೇಕು ಮೇಡಂ, ನೀವ್ ಬರ್ಲೇಬೇಕು! ಆದ್ರೆ ಗೇಟಿಗಲ್ಲ..." ಎಂದು ರಂಗಕ್ಕ ಮುಂದೆ ಬಗ್ಗಿ ಏನೋ ಹೇಳಿದರು. ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. "ಭಾನುವಾರ ನಮ್ಮ ಗಸ್ತು ಹೇಗೂ ಆ ದಾರಿಯಲ್ಲೇ ಇರುತ್ತೆ. ತಿಪಟೂರಿನವರಿಗೂ ಒಂದು ಮಾತು ಹೇಳ್ತೀನಿ" ಅಂದರು.

ಮದುವೆ ಮುಗಿಯಿತು, ಬೀಗರೂಟದ ಭಾನುವಾರ ಬಂತು. ಬೀಗರು ಬಂದರು. ಸಾಲು ಸಾಲು ಬೈಕ್, ಎಲ್ಲಕ್ಕಿಂತ ಮುಂದೆ ಬುಲೆಟ್ಟಿನ ಮೇಲೆ ಕೆಂಚಯ್ಯ. ಅವರು ಇಳಿದು ಮೊದಲು ನೋಡಿದ್ದು ಗೇಟನ್ನು. ಪೊಲೀಸರಿರಲಿಲ್ಲ. ಮೀಸೆ ಸ್ವಲ್ಪ ಸಡಿಲವಾಯಿತು.

ತೋಟದ ಟೇಬಲ್ ಬಳಿ ಮಾಯಣ್ಣ ತಾವೇ ನಿಂತಿದ್ದರು, ಬಿಳಿ ಶರ್ಟ್ ಹಾಕಿಕೊಂಡು, ಮದುವೆ ಗಂಡಿನ ಹಾಗೆ! ಕೆಂಚಯ್ಯ ಗ್ಲಾಸಿಗೆ ಕೈ ಚಾಚಿದರು.

"ಯಜಮಾನ್ರೇ, ನಿಮ್ಮ ಬುಲೆಟ್ ಬಿಸ್ಲಲ್ಲಿ ನಿಂತೈತೆ. ಎಂಥ ಗಾಡಿ ಅದು! ಕೀ ಕೊಡಿ, ನೆರಳಿಗೆ ಹಾಕ್ಸ್ತೀನಿ" ಅಂದರು ಮಾಯಣ್ಣ.

ಬುಲೆಟ್ಟಿಗೆ ಯಾರಾದರೂ ಮರ್ಯಾದೆ ಕೊಟ್ಟರೆ ಕೆಂಚಯ್ಯ ಬೇಡ ಅನ್ನುವವರಲ್ಲ. ಕೀ ಕೊಟ್ಟರು. ಹಿರಿಯರೇ ಕೊಟ್ಟ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಕೊಟ್ಟರು. ಕೀ ಕೊಟ್ಟವರಿಗೆ ಗ್ಲಾಸು, ಕೊಡದವರಿಗೆ ಎಳನೀರು. ಬೈಕುಗಳೆಲ್ಲ ಶಾಮಿಯಾನದ ಸಾಮಾನಿಡುವ ಕೊಟ್ಟಿಗೆಗೆ ಹೋಗಿ ತಣ್ಣಗೆ ನಿಂತವು. ಕೊಟ್ಟಿಗೆಗೆ ಗಂಗಾಧರ್ ಬೀಗ ಹಾಕಿದರು.

ಊಟ ಸೂಪರ್ ಆಗಿ ನಡೆಯಿತು. ನಾನು ಬಡಿಸಲು ನಿಂತಿದ್ದೆ. ಶಿಲ್ಪ ಅಡುಗೆಮನೆಯ ಕಿಟಕಿಯಿಂದ ದೊಡ್ಡಮಾವನ ಮುಖವನ್ನೇ ನೋಡುತ್ತಿದ್ದಳು. ಕೆಂಚಯ್ಯ ಎರಡನೇ ಮುದ್ದೆ ಮುಗಿಸಿದರು, ಕೈ ತೊಳೆದರು, ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಅಂಗಳದ ನಡುವೆ ಬಂದು ನಿಂತು, ಸ್ವಲ್ಪ ತೂರಾಡಿ, ಕೈ ಚಾಚಿದರು.

"ಎಲ್ಲಿ ಕಣಮ್ಮ ಬೀಗ್ತಿ, ಗಾಡಿ ಕೀ?"

ರಂಗಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ಅಣ್ಣ, ಬುಲೆಟ್ ನಾಳೆ ಬೆಳಗ್ಗೆ ನಿಮ್ಮನೆ ಬಾಗ್ಲಿಗೆ ಬತ್ತದೆ. ಇವತ್ತು ನೀವು ನಮ್ಮ ಗಾಡೀಲಿ ಹೋಗ್ಬೇಕು."

"ಯಾಕೆ? ಕುಡ್ದಿದ್ದೀನಿ ಅಂತಾನಾ?" ಕೆಂಚಯ್ಯನವರ ಮೀಸೆ ಮತ್ತೆ ಎದ್ದಿತು. "ನಲವತ್ತು ವರ್ಷದಿಂದ ಗಾಡಿ ಓಡುಸ್ತಾ ಇವ್ನಿ! ನಂಗೇ ಹೇಳ್ತೀಯಾ?"

ಅಷ್ಟರಲ್ಲೇ ತೋಟದ ದಾರಿಯಲ್ಲಿ ಧೂಳೆದ್ದಿತು. ಪೊಲೀಸ್ ಜೀಪ್, ಮೇಲೆ ಕೆಂಪು ನೀಲಿ ಲೈಟ್ ತಿರುಗುತ್ತಾ! ಕೆಂಚಯ್ಯನವರ ಮುಖ ಕೆಂಪಾಯಿತು. "ಕರ್ಸೇಬುಟ್ಟಲ್ಲ! ಏಳ್ರೋ ಎಲ್ರೂ! ಈ ಮನೇಲಿ ಇನ್ನೊಂದ್ ಗಳಿಗೆ..."

ಜೀಪಿನ ಹಿಂದೆಯೇ ತಿಮ್ಮರಾಜು ಅವರ ಹಳದಿ ವ್ಯಾನ್‌ಗಳು ಬಂದವು. ಮಾವಿನ ತೋರಣ, ಎರಡೂ ಪಕ್ಕದಲ್ಲಿ ತೆಂಗಿನ ಗರಿ, ಮುಂದೆ ಚೆಂಡುಹೂವಿನ ಹಾರ. ಜೀಪಿನಿಂದ ನಿರ್ಮಲಾ ಮೇಡಂ ಇಳಿದರು. ಯೂನಿಫಾರ್ಮ್ ನೆಟ್ಟಗೆ ಮಾಡಿಕೊಂಡು ಕೆಂಚಯ್ಯನವರ ಮುಂದೆ ನಿಂತು ಗಟ್ಟಿಯಾಗಿ ಸಲ್ಯೂಟ್ ಹೊಡೆದರು.

"ನಮಸ್ಕಾರ ಸಾರ್. ನಿಮ್ಮ ಗಾಡಿಗೆ ಮುಂದೆ ದಾರಿ ಮಾಡಿಕೊಡೋಕೆ ಬಂದಿದ್ದೀವಿ. ಹೊರಡೋಣವಾ?"

ಕೆಂಚಯ್ಯ ಜೀಪ್ ನೋಡಿದರು, ಸಲ್ಯೂಟ್ ನೋಡಿದರು, ಹಿಂದೆ ತಿರುಗಿ ತಮ್ಮ ಕಡೆಯವರನ್ನೆಲ್ಲ ನೋಡಿದರು.

"ಅಣ್ಣ" ಅಂದರು ರಂಗಕ್ಕ. ಆ ಧ್ವನಿ ಅಷ್ಟು ಮೆತ್ತಗಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ನಮ್ಮ ಮಗಳನ್ನ ನಿಮ್ಮ ಕೈಗೆ ಕೊಟ್ಟಿದ್ದೀವಿ. ನಿಮ್ಮನ್ನ ಬಾಗ್ಲಿಗೆ ಇಳ್ಸಿ ಬರ್ದಿದ್ರೆ ನಾವು ಎಂಥ ಬೀಗ್ರು? ಹಿಂದ್ಲೋರು ಎತ್ತಿನ ಗಾಡೀಲಿ ಬುಡ್ತಿದ್ರು. ನಮ್ಮ ಕೈಲಾದ್ದು ಇದು."

ಕೆಂಚಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಒದರಿ, ಮತ್ತೆ ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು ಕೇಳಿದರು. "ಮುಂದಿನ ಸೀಟು ನಂದು ತಾನೆ?"

ಅಂಗಳವೆಲ್ಲ ಚಪ್ಪಾಳೆ! ಎಲ್‌ಕೆಜಿ ಮಕ್ಕಳ ಮುಂದಿನ ಸೀಟು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ಕೈಯಲ್ಲಿ ಒಂದು ಬಕೆಟ್. ಆದರೂ ಕೆಂಚಯ್ಯ ಮಂತ್ರಿಗಳ ಗತ್ತಿನಲ್ಲಿ ಕೂತರು. ಉಳಿದವರು ನಾ ಮುಂದೆ ತಾ ಮುಂದೆ ಎಂದು ಹತ್ತಿದರು. ಬೀಗರ ಕಡೆಯ ಕರಿಯಪ್ಪನವರು ಎಳನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅವರ ಬೈಕ್ ಕೀ ಅವರ ಜೇಬಿನಲ್ಲೇ ಇತ್ತು. ಅವರಿಗೆ ತಡೆಯಲಾಗದ ಸಿಟ್ಟು.

"ಇದ್ಯಾವ ನ್ಯಾಯ ಕಣಕ್ಕ? ಕುಡ್ದೋರ್ಗೆ ಹೂವಿನ ಹಾರದ ವ್ಯಾನು, ನಾನ್ ಮಾತ್ರ ಒಬ್ನೇ ಬೈಕಲ್ಲಿ ಹೋಗ್ಬೇಕಾ? ತಗೋ, ನಾನೂ ಕುಡ್ದಿದ್ದೀನಿ" ಎಂದು ಸುಳ್ಳು ಸುಳ್ಳೇ ತೂರಾಡಿ ಕೀ ಒಪ್ಪಿಸಿದರು! ನಿರ್ಮಲಾ ಮೇಡಂ ಮಷೀನ್ ತಂದು "ಊದಿ ಯಜಮಾನ್ರೇ, ನೋಡೋಣ" ಅಂದರು. ಸೊನ್ನೆ ಬಂತು. "ಪಾಸಾಗ್ಲಿಲ್ಲ ಕಣ್ಲಾ ನೀನು" ಎಂದು ವ್ಯಾನಿನಿಂದ ಎಲ್ಲರೂ ಕೂಗಿದರು. ಆಮೇಲೆ ಜಾಗ ಮಾಡಿ ಅವರನ್ನೂ ಕೂರಿಸಿಕೊಂಡರು.

ಜೀಪ್ ಮುಂದೆ, ವ್ಯಾನ್‌ಗಳು ಹಿಂದೆ, ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಸಂಜೆ ಬಿಸಿಲಿಗೆ ಮೆರವಣಿಗೆ ಹೊರಟಿತು. ತಿಪಟೂರಿನ ಗಡಿಯಲ್ಲಿ ಅಲ್ಲಿನ ಜೀಪ್ ಕಾದಿತ್ತು. ಬಿ.ಎಚ್. ರೋಡ್ ದಾಟುವಾಗ ಲಾರಿಗಳೆಲ್ಲ ನಿಂತು ದಾರಿ ಬಿಟ್ಟವಂತೆ. ಅದನ್ನು ಕೆಂಚಯ್ಯನವರು ಇವತ್ತಿಗೂ ಹೇಳುತ್ತಾರೆ.

ರಂಗಕ್ಕ ಮಾತ್ರ ಅಂಗಳದಲ್ಲೇ ಕೊಪ್ಪರಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಕೈಯಲ್ಲಿ ಫೋನ್. ಯಾರು ಕರೆದರೂ ಏಳಲಿಲ್ಲ, ಊಟವನ್ನೂ ಮಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ, ವ್ಯಾನಿನ ಜೊತೆ ಹಂದನಕೆರೆಗೆ ಹೋಗಿದ್ದ ಸಿದ್ದಾರ್ಥನ ಫೋನ್ ಬಂತು. ಶಿಲ್ಪ ಸ್ಪೀಕರ್ ಹಾಕಿದಳು.

"ಅತ್ತೆ, ಎಲ್ಲಾ ಬಂದ್ರು. ಎಲ್ಲಾ ಅಂದ್ರೆ ಎಲ್ಲಾರೂ! ಊರಲ್ಲಿ ಮಂತ್ರಿ ಬಂದವ್ರೆ ಅಂತ ಜನ ಸೇರ್ಬುಟ್ಟವ್ರೆ. ದೊಡ್ಡಪ್ಪ ಕೆಳಗಿಳೀತಾನೇ ಇಲ್ಲ, ಊರ್ ಸುತ್ತ ಇನ್ನೊಂದ್ ರೌಂಡ್ ಹೊಡೀರಿ ಅಂತವ್ರೆ!"

ರಂಗಕ್ಕ ಜೋರಾಗಿ ನಕ್ಕರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಗಂಗಾಧರ್ ಒಂದು ತಟ್ಟೆಯಲ್ಲಿ ಮುದ್ದೆ ಸಾರು ತಂದು ಅವರ ಮುಂದಿಟ್ಟು, "ಉಣ್ಣು" ಅಂದರು. ಬೆಳಗ್ಗೆ ಎದ್ದು ಬೈಕುಗಳನ್ನೆಲ್ಲ ತಮ್ಮ ಗಾಡಿಗೆ ಹತ್ತಿಸಿ, ಎಷ್ಟು ಸಲ ಬೇಕಾದರೆ ಅಷ್ಟು ಸಲ ಹಂದನಕೆರೆಗೆ ಹೋಗಿ ಇಳಿಸಿ ಬಂದವರೂ ಅವರೇ.

ಆಮೇಲೆ ಏನಾಯಿತು ಗೊತ್ತೇ? ಟೀ ಅಂಗಡಿಯ ಮಾತೇ ಬದಲಾಯಿತು. "ನಿಮ್ ಮನೆ ಬೀಗ್ರನ್ನ ಹಂಗೇ ಬೈಕಲ್ಲಿ ಕಳ್ಸಿದ್ರಂತೆ? ಥೂ!" ರಂಗಕ್ಕನಿಗೆ ಮತ್ತೆ ಆರ್ಡರ್‌ಗಳು ಬಂದವು, ಈಗ ಶಾಮಿಯಾನದ ಜೊತೆ ವ್ಯಾನನ್ನೂ ಕೇಳುತ್ತಾರೆ. ಎಲ್ಲ ಊಟಕ್ಕೂ ಜೀಪ್ ಕಳಿಸುವುದು ನಿರ್ಮಲಾ ಮೇಡಂಗೆ ಆಗದ ಮಾತು. ಆದ್ದರಿಂದ ಮುಂದೆ ಒಬ್ಬ ಪೇದೆ ಬೈಕಿನಲ್ಲಿ ಹೈವೇ ದಾಟಿಸುತ್ತಾನೆ, ಅವನಿಗೂ ಒಂದು ಹಾರ! ಬೇರೆ ಶಾಮಿಯಾನದವರು, ಬಾರಿನವರು, ಛತ್ರದವರು, ಶಾಲೆಯ ವ್ಯಾನಿನವರು ಎಲ್ಲ ಸ್ಟೇಷನ್ನಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಸಭೆ ಮಾಡಿದರು. ಕುರ್ಚಿ ರಂಗಕ್ಕನವೇ. ಈ ವ್ಯವಸ್ಥೆಯಲ್ಲಿ ಹೊರಟ ಯಾವ ಬೀಗರೂ ದಾರಿಯಲ್ಲಿ ಬಿದ್ದಿಲ್ಲ.

ಮೊನ್ನೆ ಹಂದನಕೆರೆಯಲ್ಲಿ, ಸಿದ್ದಾರ್ಥನ ಮನೆಯವರು ನಮಗೆ ಬಾಕಿ ಉಳಿಸಿಕೊಂಡಿದ್ದ ಬೀಗರೂಟ. ನಾವೆಲ್ಲ ಹೋದೆವು. ತೋಟದ ಟೇಬಲ್ ಮುಂದೆ ಯಾರು ನಿಂತಿದ್ದರು ಅಂದುಕೊಂಡಿರಿ? ಸಾಕ್ಷಾತ್ ಕೆಂಚಯ್ಯ! ತಮ್ಮ ಸ್ವಂತ ತಮ್ಮನ ಕೈಯನ್ನೇ ಗ್ಲಾಸಿನಿಂದ ಹಿಂದಕ್ಕೆ ತಳ್ಳುತ್ತಿದ್ದರು.

"ಮೊದ್ಲು ಕೀ ಮಡಗ್ಲಾ! ದಬ್ಬೇಘಟ್ಟದೋರು ಬಂದವ್ರೆ, ನಮ್ಮೂರ ಮರ್ಯಾದೆ ತೆಗೀತೀಯಾ?"